ಪೈಥಾನ್‌ಗೆ ಹೆಗಲು ಕೊಟ್ಟ ಸಿ

ಪೈಥಾನ್ ನಿಧಾನವೆಂಬ ದೂರನ್ನು ನೀವು ಕೇಳಿರಬಹುದು. 1989ರ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದನ್ನು ರೂಪಿಸತೊಡಗಿದ ಗೀಡೊ ವಾನ್ ರೋಸಮ್, ಹಿಂದೆ ದುಡಿದಿದ್ದ ಎಬಿಸಿ ಭಾಷೆಯನ್ನು ವಿಸ್ತರಿಸುವ ಕಷ್ಟ ಕಂಡಿದ್ದರು. ಆದ್ದರಿಂದಲೇ ಇಲ್ಲಿ ಬಾಗಿಲು ತೆರೆದಿಟ್ಟರು: ಭಾರದ ಲೆಕ್ಕವನ್ನು ಸಿ ಭಾಷೆಯಲ್ಲಿ ಬರೆದು, ಕಂಪೈಲ್ ಮಾಡಿ, ಮಾಡ್ಯೂಲ್ ಆಗಿ ಸೇರಿಸಬಹುದು.

1995ರಲ್ಲಿ ಜಿಮ್ ಹ್ಯೂಗುನಿನ್ 'ನ್ಯೂಮೆರಿಕ್' ಬರೆದರು. ಬಳಿಕ 'ನಮ್‌ಅರೇ' ಬಂದು ಬಳಕೆದಾರರು ಎರಡು ಪಾಲಾದರು. ಟ್ರಾವಿಸ್ ಆಲಿಫಾಂಟ್ ಎರಡನ್ನೂ ಕೂಡಿಸಿ, 2006ರಲ್ಲಿ 'ನಂಪೈ' 1.0 ಹೊರತಂದರು.

ಆದರೆ ಎಚ್ಚರ! ಸಿ ಬರೆಯುವಾಗ ಪ್ರತಿ ವಸ್ತುವನ್ನು ಎಷ್ಟು ಕಡೆ ಹಿಡಿದಿದ್ದೇವೆಂಬ ಎಣಿಕೆ ನೀವೇ ಇಡಬೇಕು. ಒಂದು ಹೆಚ್ಚಾಗಿ ಕಳೆದರೆ ಬಳಕೆಯಲ್ಲಿರುವ ವಸ್ತುವೇ ಅಳಿಸಿಹೋಗಿ ಇಡೀ ಪ್ರೋಗ್ರಾಂ ಕುಸಿಯಬಹುದು. ಕಳೆಯಲು ಮರೆತರೆ ಮೆಮೊರಿ ಸೋರುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಕೆಟ್ಟದ್ದು. ಅದು ಸದ್ದೇ ಮಾಡುವುದಿಲ್ಲ.