ಮಾತಾಡಿಸಿ ಬರುವ ಪದ್ಧತಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ಈ ನಾಲ್ಕು ತಾಲ್ಲೂಕುಗಳ ಗ್ರಾಮಗಳಲ್ಲಿ ಯಾರಾದರೊಬ್ಬರು ಹಾಸಿಗೆ ಹಿಡಿದರೆಂಬ ವರ್ತಮಾನ ಹಬ್ಬಿದ ಕೂಡಲೆ, ಬಂಧುಗಳು ಮಾತ್ರವಲ್ಲದೆ ನೆರೆಹೊರೆಯವರು, ಸಂತೆಯ ಪರಿಚಯದವರು, ಒಂದು ಕಾಲದಲ್ಲಿ ಜಮೀನಿನ ತಕರಾರಿನಿಂದ ಮಾತು ಬಿಟ್ಟಿದ್ದವರು ಸಹ, ಬಿಡುವು ಮಾಡಿಕೊಂಡು ಆ ಮನೆಗೆ ಹೋಗಿ ರೋಗಿಯನ್ನು ಮಾತಾಡಿಸಿಕೊಂಡು ಬರುವ ಪದ್ಧತಿಯು ತಲೆತಲಾಂತರದಿಂದ ನಡೆದು ಬಂದಿದೆ. ಬಂದವರು ಬರಿಗೈಯಲ್ಲಿ ಬರುವುದಿಲ್ಲ. ಎಳನೀರೋ ನಾಲ್ಕು ಮೋಸಂಬಿಯೋ ಕೈಯಲ್ಲಿರುತ್ತದೆ. ಕುಳಿತವರು ಮೊದಲು ಮಳೆಯ ವಿಚಾರ, ಭೀಮಸಮುದ್ರದ ಅಡಕೆಯ ಧಾರಣೆ, ಮಗಳ ಮನೆಯ ಸಮಾಚಾರ ಇವನ್ನೆಲ್ಲ ಸುತ್ತಿ ಬಂದು, ಕಡೆಗೆ, "ನಮ್ಮ ದೊಡ್ಡಮಾವಂಗೂ ಹಿಂಗೇ ಆಗಿತ್ತು, ಈಗ ತಾನೇ ತ್ವಾಟಕ್ಕೆ ಹೋಗಿ ಬರ್ತಾನೆ" ಎಂಬ ಒಂದು ಮಾತನ್ನು ಆಡಿ ಏಳುತ್ತಾರೆ. ಆ ಸಂದರ್ಶನದ ಸಾರವೆಲ್ಲ ಆ ಒಂದು ಮಾತಿನಲ್ಲಿ ಅಡಗಿರುತ್ತದೆ. ಇದೇ ವ್ಯಾಧಿಯನ್ನು ದಾಟಿ ಬಂದ ಮನುಷ್ಯನೊಬ್ಬನು ಇದೇ ಸೀಮೆಯಲ್ಲಿ ಬದುಕಿದ್ದಾನೆಂಬ ಅರಿವು ರೋಗಿಗೆ ಕೊಡುವ ಧೈರ್ಯವನ್ನು ವೈದ್ಯನ ಉಪದೇಶವು ಕೊಡಲಾರದು.

ಇದು ಕೇವಲ ಹಳ್ಳಿಗರ ಸೌಜನ್ಯವೆಂದು ತಿಳಿಯತಕ್ಕದ್ದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ವ್ರಣರೋಗಿಯ ಉಪಚಾರವನ್ನು ವಿವರಿಸುವ ಅಧ್ಯಾಯವೊಂದುಂಟು. ಶಸ್ತ್ರಕರ್ಮಕ್ಕೆ ಒಳಗಾದವನ ಬಳಿ ಪ್ರಿಯವಾದ ಮಾತನ್ನಾಡುವ, ಮನಸ್ಸಿಗೆ ಒಗ್ಗಿದ ಸ್ನೇಹಿತರು ಇರಬೇಕೆಂದೂ, ಅವರು ಕಥೆಗಳನ್ನು ಹೇಳುತ್ತ, ಮತ್ತೆ ಮತ್ತೆ ಆಶ್ವಾಸನೆ ನೀಡುತ್ತ ವ್ರಣದ ವೇದನೆಯನ್ನು ದೂರ ಮಾಡುತ್ತಾರೆಂದೂ ಅಲ್ಲಿ ಹೇಳಿದೆ. ಚರಕನು ಆತುರಾಲಯದ ಸಿದ್ಧತೆಗಳನ್ನು ಹೇಳುವಾಗ, ಔಷಧ, ಪಾತ್ರೆ, ಹಾಸಿಗೆಗಳೊಂದಿಗೆ ಗೀತ, ಆಖ್ಯಾಯಿಕೆ, ಇತಿಹಾಸ, ಪುರಾಣಗಳನ್ನು ಬಲ್ಲ ಜನರನ್ನೂ ಸೇರಿಸಿದ್ದಾನೆ. ಶಸ್ತ್ರವನ್ನೂ ಔಷಧವನ್ನೂ ಬಲ್ಲವರೇ ಅವುಗಳಿಂದ ಆಗದ ಕೆಲಸವೊಂದಿದೆಯೆಂಬುದನ್ನು ಕಂಡುಕೊಂಡಿದ್ದರೆಂಬುದು ನನಗೆ ಬಹಳ ಹಿರಿದಾಗಿ ತೋರುತ್ತದೆ.

ಹಿಂದಿನ ಕಾಲದಲ್ಲಿ ವ್ಯಾಧಿಗಳು ಊರೊಟ್ಟಿಗೆ ಬರುತ್ತಿದ್ದುವು. ವೇದಾವತಿಯ ದಡದ ಹಿರಿಯೂರು ಚಳಿಜ್ವರಕ್ಕೆ ಹೆಸರಾದ ಸ್ಥಳವಾಗಿದ್ದಿತು. 1898ರಲ್ಲಿ ಮಾರಿಕಣಿವೆಯ ಅಣೆಕಟ್ಟಿನ ಕೆಲಸವು ಆರಂಭವಾದ ವರ್ಷವೇ ಬೆಂಗಳೂರಿಗೆ ಪ್ಲೇಗು ಕಾಲಿಟ್ಟು, ಮುಂದಿನ ದಶಕಗಳಲ್ಲಿ ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಯ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾಸಿಸುವ ಹಾಗಾಯಿತು. ಪಕ್ಕದ ಗುಡಿಸಲಿನವನೂ ನಡುಗುತ್ತಿರುವಾಗ ತನ್ನ ನಡುಕವನ್ನು ಬಚ್ಚಿಡುವ ಅಗತ್ಯ ಯಾರಿಗೂ ಇರಲಿಲ್ಲ. ಸ್ತ್ರೀಯರಿಗಂತೂ ಬಾಣಂತನವೆಂಬ ಒಂದು ಪರಿಪೂರ್ಣ ವ್ಯವಸ್ಥೆಯೇ ಇದ್ದಿತು: ಹತ್ತು ಹೆತ್ತವಳು ಚೊಚ್ಚಲು ಹೆತ್ತವಳ ಬಳಿ ಕುಳಿತು, ಪಥ್ಯ, ಎಣ್ಣೆನೀರು, ಹಾಲು ಕಟ್ಟಿದ ಎದೆಯ ನೋವು ಮೊದಲಾಗಿ ಸಕಲವನ್ನೂ ನಾಚಿಕೆಯಿಲ್ಲದೆ ಹೇಳಿಕೊಡುತ್ತಿದ್ದಳು.

ಪುರುಷನಿಗೆ ಮಾತ್ರ ಇಂಥ ವ್ಯವಸ್ಥೆ ಇರಲಿಲ್ಲ. ಹೊಕ್ಕುಳಿನ ಕೆಳಗಿನ ಬಾಧೆಯನ್ನು ಗಂಡಸು ನಾಟಿವೈದ್ಯನಿಗೆ ಅರ್ಧ ಹೇಳುತ್ತಿದ್ದನು, ಹೆಂಡತಿಗೆ ಕಾಲುಭಾಗ ಹೇಳುತ್ತಿದ್ದನು, ಜಗಲಿಯಲ್ಲಿ ಮಾತಾಡಿಸಲು ಬಂದವರಿಗೆ ಏನನ್ನೂ ಹೇಳುತ್ತಿರಲಿಲ್ಲ. ರಾತ್ರಿ ನಾಲ್ಕಾರು ಬಾರಿ ಒಂದಕ್ಕೆಂದು ಏಳುವುದನ್ನೂ, ಎದ್ದರೂ ಧಾರೆಯಾಗಿ ಬಾರದಿರುವುದನ್ನೂ ವಯಸ್ಸಿನ ಲಕ್ಷಣವೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಮಲಮಾರ್ಗಕ್ಕೂ ಮೂತ್ರಾಶಯಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾಗಿ ಬೆಳೆದು ಮೂತ್ರವನ್ನು ತಡೆಯುವ ಗ್ರಂಥಿಯನ್ನು ಸುಶ್ರುತನು ವಾತಾಷ್ಠೀಲಾ ಎಂದು ಕರೆದು ವರ್ಣಿಸಿದ್ದಾನೆ. ಆ ವರ್ಣನೆಯು ಇಂದು ಪ್ರಾಸ್ಟೇಟ್ ಗ್ರಂಥಿಯೆಂದು ನಾವು ಕರೆಯುವ ಸ್ಥಾನಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ. ಪ್ರಾಯದಲ್ಲಿ ಅಕ್ರೋಟು ಕಾಯಿಯಷ್ಟಿರುವ ಈ ಗ್ರಂಥಿಯು ಮುಪ್ಪಿನಲ್ಲಿ ಊದಿಕೊಳ್ಳುವುದು ಬಹುಮಂದಿಗೆ ಸಾಮಾನ್ಯ. ಆ ಊತವೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಕೆಲವರಲ್ಲಿ ಅದು ನಿಜವಾದ ಅರ್ಬುದವೇ ಆಗಿ, ಯಾವ ಸೂಚನೆಯನ್ನೂ ಕೊಡದೆ ಬೆಳೆದು, ಕಡೆಗೆ ಬೆನ್ನುಮೂಳೆಯ ನೋವಾಗಿ ಮೊದಲ ಬಾರಿಗೆ ತಲೆದೋರುವುದುಂಟು. ಆ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕಾಲವು ಮಿಂಚಿರುತ್ತದೆ. ಪರೀಕ್ಷೆಗೂ ಹೋಗಗೊಡದ ಸಂಕೋಚಕ್ಕೆ ತೆರಬೇಕಾದ ಬೆಲೆ ಇಷ್ಟು ದೊಡ್ಡದು.

ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಚರಿತ್ರೆ ಒಂದು ಶತಮಾನಕ್ಕೆ ಸ್ವಲ್ಪ ಮೇಲ್ಪಟ್ಟದ್ದು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1904ರಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ಶಸ್ತ್ರವೈದ್ಯನು ಕ್ಯಾನ್ಸರ್ ತಗುಲಿದ ಗ್ರಂಥಿಯನ್ನು ಸಮೂಲವಾಗಿ ತೆಗೆಯುವ ಕ್ರಮವನ್ನು ಆರಂಭಿಸಿದನು. 1941ರಲ್ಲಿ ಚಾರ್ಲ್ಸ್ ಹಗಿನ್ಸ್, ಈ ಕ್ಯಾನ್ಸರು ಪುರುಷ ಹಾರ್ಮೋನನ್ನು ಉಂಡು ಬೆಳೆಯುತ್ತದೆಂಬುದನ್ನು ತೋರಿಸಿಕೊಟ್ಟು, 1966ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಆದರೂ ಬಹುಕಾಲದವರೆಗೆ ಈ ಶಸ್ತ್ರಕ್ರಿಯೆಗೆ ಒಳಗಾದವನು, ಪ್ರಾಣ ಉಳಿಸಿಕೊಂಡರೂ, ಮೂತ್ರದ ಹಿಡಿತವನ್ನೂ ದಾಂಪತ್ಯದ ಶಕ್ತಿಯನ್ನೂ ಕಳೆದುಕೊಳ್ಳುವ ಸಂಭವವೇ ಹೆಚ್ಚಾಗಿದ್ದಿತು. 1982ರಲ್ಲಿ ಅದೇ ಆಸ್ಪತ್ರೆಯ ಪ್ಯಾಟ್ರಿಕ್ ವಾಲ್ಶ್, ಹಾಲೆಂಡಿನ ಪೀಟರ್ ಡಾಂಕರ್ ಅವರೊಡನೆ ನಡೆಸಿದ ಅನ್ವೇಷಣೆಯ ಆಧಾರದ ಮೇಲೆ, ಗ್ರಂಥಿಯ ಇಕ್ಕೆಲದಲ್ಲಿ ಹಾಯುವ ಸೂಕ್ಷ್ಮ ನರಗಳನ್ನು ಉಳಿಸಿ ಶಸ್ತ್ರ ಮಾಡುವ ವಿಧಾನವನ್ನು ಆಚರಣೆಗೆ ತಂದ ಮೇಲೆ ಆ ಸಂಕಟ ಎಷ್ಟೋ ತಗ್ಗಿತು. 1980ರ ದಶಕದಲ್ಲಿಯೇ ಬಳಕೆಗೆ ಬಂದ ಪಿಎಸ್‌ಎ ಎಂಬ ರಕ್ತಪರೀಕ್ಷೆಯು ವ್ಯಾಧಿಯ ಜಾಡು ಹಿಡಿಯಲು ನೆರವಾಯಿತು.

ನಮ್ಮ ಸೀಮೆಯವರಿಗೆ ಈ ವಿದ್ಯೆ ದೊರೆತದ್ದು ದೂರದ ಊರುಗಳಲ್ಲಿ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ದಾವಣಗೆರೆಯಲ್ಲಿ ಪ್ರಾರಂಭವಾದಾಗ ಆ ಊರು ಚಿತ್ರದುರ್ಗ ಜಿಲ್ಲೆಗೇ ಸೇರಿದ್ದಿತು. 1997ರಲ್ಲಿ ಅದು ಬೇರೆ ಜಿಲ್ಲೆಯಾಯಿತಾದರೂ ರೋಗಿಗಳು ಹೋಗುವ ದಾರಿ ಬದಲಾಗಲಿಲ್ಲ. ಕ್ಯಾನ್ಸರ್ ಎಂದೊಡನೆ ಮಾತ್ರ ಜನರ ಬಾಯಲ್ಲಿ ಬರುವ ಹೆಸರು ಬೆಂಗಳೂರಿನ ಕಿದ್ವಾಯಿ. ರಫಿ ಅಹಮದ್ ಕಿದ್ವಾಯಿಯವರ ಹೆಸರನ್ನು ಹೊತ್ತು 1973ರಲ್ಲಿ ಸ್ಥಾಪಿತವಾಗಿ, 1980ರಲ್ಲಿ ಸ್ವಾಯತ್ತವಾದ ಆ ಸಂಸ್ಥೆಗೆ, ಹೊಸದುರ್ಗದವರು ರೈಲಿನಲ್ಲಿಯೂ, ಹೊಳಲ್ಕೆರೆಯವರು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ಹತ್ತಿಯೂ, ದುರ್ಗ ಹಿರಿಯೂರುಗಳವರು ಹೆದ್ದಾರಿಯ ಬಸ್ಸಿನಲ್ಲಿಯೂ, ಎರಡು ಜೊತೆ ಪಂಚೆ ಮತ್ತು ಪರೀಕ್ಷೆಯ ಕಾಗದಗಳ ಚೀಲವನ್ನು ಹಿಡಿದು ಹೋಗುತ್ತ ಬಂದಿದ್ದಾರೆ.

ಊರಿನ ಜಗಲಿಯಲ್ಲಿ ಹುಟ್ಟದೆ ಹೋದ ಮಾತು ಹುಟ್ಟಿದ್ದು ಅಲ್ಲಿಯೇ, ಆಸ್ಪತ್ರೆಯ ಉದ್ದನೆಯ ಬೆಂಚುಗಳ ಮೇಲೆ, ಧರ್ಮಶಾಲೆಯ ಅಂಗಳದಲ್ಲಿ. ಜಾತಿ ಯಾವುದು, ಎಕರೆ ಎಷ್ಟು ಎಂಬ ಪ್ರಶ್ನೆಗಳು ಅಲ್ಲಿ ಹಿಂದೆ ಬೀಳುತ್ತವೆ. "ಏನ್ ಯಜಮಾನ್ರೆ, ನಿಮ್ದು ಪೈಪು ತೆಗ್ದು ಎಷ್ಟು ದಿವ್ಸ ಆತು?" ಎಂದು ನಾಳೆ ಶಸ್ತ್ರಕ್ಕೆ ಹೋಗುವವನು ಕೇಳುತ್ತಾನೆ; ತಪಾಸಣೆಗೆ ಮರಳಿ ಬಂದವನು ತನ್ನ ಪಂಚೆಯ ಮರೆಯಲ್ಲಿ ಮೂತ್ರದ ಚೀಲವನ್ನು ಹೇಗೆ ಕಟ್ಟಿಕೊಂಡಿದ್ದನೆಂಬುದನ್ನು ತೋರಿಸುತ್ತಾನೆ. ಮೂತ್ರ ಹೊರಹೋಗಲು ಹಾಕಿದ ಪೈಪನ್ನು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತೆಗೆಯುತ್ತಾರೆಂಬುದೂ, ತೆಗೆದ ಮೇಲೆ ಕೆಮ್ಮಿದರೆ, ಎದ್ದರೆ, ಭಾರ ಎತ್ತಿದರೆ ಹನಿ ಜಾರುವುದೆಂಬುದೂ, ಇದು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಹತೋಟಿಗೆ ಬರುತ್ತದೆಂಬುದೂ, ಅದಕ್ಕೋಸ್ಕರ ಮೂತ್ರವನ್ನು ತಡೆಹಿಡಿಯುವ ಸ್ನಾಯುಗಳನ್ನು ದಿನವೂ ಬಿಗಿದು ಸಡಿಲಿಸುವ ಅಭ್ಯಾಸ ಬೇಕೆಂಬುದೂ ವೈದ್ಯನು ಹೇಳಿಯೇ ಇರುತ್ತಾನೆ. ಆ ವ್ಯಾಯಾಮವನ್ನು 1948ರಲ್ಲಿ ಆರ್ನಾಲ್ಡ್ ಕೇಗಲ್ ಎಂಬ ವೈದ್ಯನು ಪ್ರಸೂತಿಯಾದ ಸ್ತ್ರೀಯರಿಗೆಂದು ಪ್ರಚಾರಕ್ಕೆ ತಂದನೆಂಬುದನ್ನು, ಅಂದರೆ ಬಾಣಂತಿಯರ ವಿದ್ಯೆಯೇ ಕಡೆಗೆ ಗಂಡಸರನ್ನೂ ಕಾಪಾಡಿತೆಂಬುದನ್ನು, ಇಲ್ಲಿ ಸ್ಮರಿಸತಕ್ಕದ್ದು. ಆದರೆ ಬಸ್ಸಿನಲ್ಲಿ ಐದು ಗಂಟೆ ಕುಳಿತು ಊರು ಸೇರುವುದು ಹೇಗೆ, ಮದುವೆಮನೆಯ ಪಂಕ್ತಿಯಿಂದ ನಡುವೆ ಏಳಬೇಕಾದರೆ ಏನು ಹೇಳಬೇಕು, ಹೆಂಡತಿಯ ಪಕ್ಕದಲ್ಲಿ ಮಲಗಿದ ರಾತ್ರಿಯ ಮೌನವನ್ನು ಹೇಗೆ ಮುರಿಯಬೇಕು ಎಂಬುದನ್ನು ದಾಟಿ ಬಂದವನೇ ಹೇಳಬೇಕು. ದಾಂಪತ್ಯದ ಶಕ್ತಿ ಮರಳಲು ಒಂದೆರಡು ವರ್ಷಗಳೇ ಹಿಡಿಯಬಹುದು, ಕೆಲವರಿಗೆ ಮರಳದೆಯೂ ಇರಬಹುದು. ಈ ಮಾತನ್ನು ಅನುಭವಿಸಿದವನು ಹೇಳಿದಾಗ ಕೇಳುವವನು ತಲೆ ತಗ್ಗಿಸುವುದಿಲ್ಲ.

ನಮ್ಮ ಹಳೆಯ ಪದ್ಧತಿಯಲ್ಲಿ ದೋಷಗಳೂ ಇದ್ದುವೆಂಬುದನ್ನು ಮರೆಮಾಚಬಾರದು. ಮಾತಾಡಿಸಲು ಬಂದವರೇ "ಕ್ಯಾನ್ಸರಾ? ಇನ್ನೇನು ಮುಗೀತು" ಎಂದು ಕಣ್ಣೀರು ಸುರಿಸಿ ಹೋದದ್ದುಂಟು, ಕತ್ತಿ ತಾಗಿದರೆ, ಗಾಳಿ ಸೋಕಿದರೆ ಕ್ಯಾನ್ಸರ್ ಹರಡುತ್ತದೆಂಬ ಸುಳ್ಳನ್ನು ನಂಬಿಸಿ ರೋಗಿಯನ್ನು ಆಸ್ಪತ್ರೆಯಿಂದ ತಪ್ಪಿಸಿದ್ದೂ ಉಂಟು, ರೋಗಿಗೆ ರೋಗದ ಹೆಸರನ್ನೇ ತಿಳಿಸದೆ ಮನೆಯವರು ಬಚ್ಚಿಟ್ಟುಕೊಂಡದ್ದಂತೂ ಇಂದಿಗೂ ಉಂಟು. ಪ್ರೀತಿಯಿಂದ ಮಾಡಿದರೂ ಇದು ಅಪಚಾರವೇ. ಒಬ್ಬನ ದೇಹದಂತೆ ಇನ್ನೊಬ್ಬನದಿಲ್ಲ. ನಿಧಾನವಾಗಿ ಬೆಳೆಯುವ ಕೆಲವು ಪ್ರಾಸ್ಟೇಟ್ ಕ್ಯಾನ್ಸರುಗಳಿಗೆ ಶಸ್ತ್ರವೇ ಬೇಡ, ಕಾದು ಪರೀಕ್ಷಿಸುತ್ತಿದ್ದರೆ ಸಾಕೆಂದು ವೈದ್ಯರು ನಿರ್ಣಯಿಸುವುದುಂಟು. ಆದಕಾರಣ ದಾಟಿ ಬಂದವನು ತನ್ನ ಕಥೆಯನ್ನು ಹೇಳಲಿ, ಚಿಕಿತ್ಸೆಯ ನಿರ್ಣಯವನ್ನು ವೈದ್ಯನಿಗೆ ಬಿಡಲಿ.

ಹೊರದೇಶದಲ್ಲಿಯೂ, ದಾಟಿ ಬಂದವರು ಹೋಗಿ ಮಾತಾಡಿಸುವ ಈ ಕಾರ್ಯದಲ್ಲಿ ಸ್ತ್ರೀಯರು ಮುಂದಾಗಿದ್ದರು. ಸ್ತನದ ಕ್ಯಾನ್ಸರಿನ ಶಸ್ತ್ರವನ್ನು ದಾಟಿದ ಟೆರೀಸ್ ಲ್ಯಾಸರ್ ಎಂಬ ಮಹಿಳೆ 1950ರ ದಶಕದ ಆದಿಯಲ್ಲಿ ಅಮೆರಿಕದಲ್ಲಿ ಅಂಥದೇ ಶಸ್ತ್ರಕ್ಕೆ ಒಳಗಾದವರ ಹಾಸಿಗೆಯ ಬಳಿಗೆ ತಾನೇ ಹೋಗಿ ಮಾತಾಡಿಸತೊಡಗಿದಳು. ಪ್ರಾಸ್ಟೇಟ್ ಕ್ಯಾನ್ಸರಿನ ಗಂಡಸರು ಹಾಗೆ ಸಂಘಟಿತರಾಗಲು 1990ರವರೆಗೆ ಕಾಯಬೇಕಾಯಿತು. ನಮಗೆ ಹೊಸ ಸಂಘವನ್ನು ಕಟ್ಟುವ ಶ್ರಮವೂ ಬೇಕಿಲ್ಲ, ಪದ್ಧತಿಯು ಮನೆಯಲ್ಲಿಯೇ ಇದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ದಾಟಿ ಬಂದು ಮತ್ತೆ ತೋಟಕ್ಕೆ, ಅಂಗಡಿಗೆ, ಶಾಲೆಯ ಕಟ್ಟೆಗೆ ಹೋಗುತ್ತಿರುವ ಹಿರಿಯರು ದಯಮಾಡಿ ತಮ್ಮ ಆಸ್ಪತ್ರೆಯ ವೈದ್ಯರಿಗೂ ಶುಶ್ರೂಷಕಿಯರಿಗೂ ತಮ್ಮ ಹೆಸರನ್ನು ಕೊಟ್ಟು, ಇಂಥ ರೋಗಿ ನಮ್ಮ ಕಡೆಯಿಂದ ಬಂದರೆ, ಅವರು ಒಪ್ಪಿದಲ್ಲಿ, ನಮಗೆ ತಿಳಿಸಿ ಎಂದು ಹೇಳಿ ಬರಲಿ. ಹೇಳಿಕಳುಹಿಸಿದ ದಿನ, ಶಸ್ತ್ರಕ್ಕೆ ಮುಂಚೆ ಒಮ್ಮೆ, ಪೈಪು ತೆಗೆದ ಮೇಲೆ ಒಮ್ಮೆ, ಆ ಮನೆಗೆ ಹೋಗಿ ಮಾತಾಡಿಸಿಕೊಂಡು ಬರಲಿ.