ಒಂದು, ನಾಲ್ಕು, ಒಂಬತ್ತು: ಯಂತ್ರಗಳ ಸಂಖ್ಯಾಲಿಪಿಯ ಕಥೆ



ಲಾಗರಿದಮ್ ಕೋಷ್ಟಕದ ಪುಟ್ಟ ಪುಸ್ತಕ ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬಹುದು. ಒಂದು ಸಂಖ್ಯೆಯ ಲಾಗರಿದಮ್ಮಿನಲ್ಲಿ ಎರಡು ಭಾಗಗಳು. ಅಂಕಿಗಳು ಯಾವುವೆಂದು ಹೇಳುವುದು ಮ್ಯಾಂಟಿಸಾ. ದಶಮಾಂಶ ಬಿಂದು ಎಲ್ಲಿದೆಯೆಂದು ಹೇಳುವುದು ಕ್ಯಾರೆಕ್ಟರಿಸ್ಟಿಕ್. ಮ್ಯಾಂಟಿಸಾ ಸರಿಯಾಗಿದ್ದು ಕ್ಯಾರೆಕ್ಟರಿಸ್ಟಿಕ್ ಒಂದರಷ್ಟು ತಪ್ಪಿದರೂ ಉತ್ತರ ಹತ್ತು ಪಟ್ಟು ತಪ್ಪುತ್ತಿತ್ತು. ಅಂಥ ಎಷ್ಟೋ ಉತ್ತರಗಳಿಗೆ ನಾನು ಕೆಂಪು ಶಾಯಿಯ ಗೆರೆ ಎಳೆದಿದ್ದೇನೆ. ಗಣಕಯಂತ್ರಗಳ ಲೋಕದಲ್ಲಿಯೂ ಇದೇ ತಪ್ಪು ನಡೆದಿದೆ, ಅಲ್ಲಿ ಅದರ ಬೆಲೆ ಬಹಳ ಹೆಚ್ಚಿನದು ಎಂಬುದನ್ನು ನಾನು ಅರಿತದ್ದು ನಿವೃತ್ತಿಯ ನಂತರದ ಓದಿನಲ್ಲಿ.

ಅತಿ ದೊಡ್ಡ ಮತ್ತು ಅತಿ ಚಿಕ್ಕ ಸಂಖ್ಯೆಗಳೆರಡನ್ನೂ ಸೀಮಿತ ಜಾಗದಲ್ಲಿ ಹಿಡಿದಿಡಲು ಗಣಕಯಂತ್ರವು ಸಂಖ್ಯೆಯನ್ನು ಮೂರು ತುಂಡಾಗಿ ಬರೆಯುತ್ತದೆ: ಚಿಹ್ನೆ, ಘಾತ ಮತ್ತು ಅಂಕಿಗಳು. ಘಾತವು ಬದಲಾದಂತೆ ಬಿಂದುವು ಅತ್ತಿತ್ತ ತೇಲುವುದರಿಂದ ಇದಕ್ಕೆ ಫ್ಲೋಟಿಂಗ್ ಪಾಯಿಂಟ್, ಅಂದರೆ ತೇಲುಬಿಂದು ಎಂದು ಹೆಸರು. ಜರ್ಮನಿಯ ಕೊನ್ರಾಡ್ ಝೂಸೆ 1941ರಲ್ಲಿ ಬರ್ಲಿನ್ನಿನಲ್ಲಿ ಪೂರ್ಣಗೊಳಿಸಿದ ಝಡ್-3 ಯಂತ್ರವು ಈ ಕ್ರಮವನ್ನೇ ಬಳಸಿತ್ತು. ಅದರ ಪ್ರತಿ ಸಂಖ್ಯೆಗೆ 22 ಬಿಟ್‌ಗಳು: ಚಿಹ್ನೆಗೆ ಒಂದು, ಘಾತಕ್ಕೆ ಏಳು, ಅಂಕಿಗಳಿಗೆ ಹದಿನಾಲ್ಕು. ಆ ಯಂತ್ರವು 1943ರಲ್ಲಿ ಯುದ್ಧದ ಬಾಂಬ್ ದಾಳಿಗೆ ಸಿಕ್ಕಿ ನಾಶವಾಯಿತು. ಆದರೆ ತತ್ತ್ವ ಉಳಿಯಿತು.

ತತ್ತ್ವ ಒಂದೇ ಆದರೂ ಲಿಪಿ ಒಂದೇ ಆಗಲಿಲ್ಲ. 1964ರಲ್ಲಿ ಐಬಿಎಂ ಸಂಸ್ಥೆ ತನ್ನ ಸಿಸ್ಟಂ/360 ಯಂತ್ರಗಳನ್ನು ಪ್ರಕಟಿಸಿದಾಗ ಘಾತದ ಆಧಾರವನ್ನು ಎರಡರ ಬದಲಿಗೆ ಹದಿನಾರು ಎಂದು ಇಟ್ಟುಕೊಂಡಿತು. ಅಂಕಿಗಳಿಗೆ 24 ಬಿಟ್‌ಗಳಿದ್ದರೂ, ಆಧಾರ ಹದಿನಾರಾದ್ದರಿಂದ ಮೊದಲಿನ ಮೂರು ಬಿಟ್‌ಗಳು ಕೆಲವೊಮ್ಮೆ ಸೊನ್ನೆಯಾಗಿ ವ್ಯರ್ಥವಾಗುತ್ತಿದ್ದವು. ಐಬಿಎಂನ ಹಿಂದಿನ 7094 ಯಂತ್ರದಲ್ಲಿ 27 ಬಿಟ್‌ಗಳ ನಿಖರತೆಗೆ ಒಗ್ಗಿಹೋಗಿದ್ದ ವಿಜ್ಞಾನಿಗಳಿಗೆ, ಅದೇ ಲೆಕ್ಕ ಹೊಸ ಯಂತ್ರದಲ್ಲಿ ಒರಟಾಗಿ ಬಂದುದು ಬೇಸರದ ಅನುಭವವಾಯಿತು. 1977ರಲ್ಲಿ ಬಂದ ಡಿಇಸಿ ಸಂಸ್ಥೆಯ ವ್ಯಾಕ್ಸ್ ಯಂತ್ರದ್ದು ಮತ್ತೊಂದು ರೀತಿ, ಕ್ರೇ ಯಂತ್ರದ್ದು ಇನ್ನೊಂದು. ಒಂದು ಯಂತ್ರದ ಬರಹ ಇನ್ನೊಂದಕ್ಕೆ ಅರ್ಥವಾಗದ ಕಾಲವದು.

ಅರ್ಥವಾಗದಿದ್ದರೆ ಚಿಂತೆಯಿರಲಿಲ್ಲ, ತಪ್ಪಾಗಿ ಅರ್ಥವಾಗುವುದೇ ಅಪಾಯ. ಒಂದು ಉದಾಹರಣೆ ನೋಡೋಣ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಘಾತವು ಋಣಸಂಖ್ಯೆಯೂ ಆಗಬಹುದಾದ್ದರಿಂದ ಯಂತ್ರಗಳು ಅದಕ್ಕೆ ಒಂದು ನಿಶ್ಚಿತ ಸಂಖ್ಯೆಯನ್ನು ಕೂಡಿಸಿ ಬರೆದಿಡುತ್ತವೆ. ಐಬಿಎಂ 64ನ್ನು ಕೂಡಿಸಿದರೆ ವ್ಯಾಕ್ಸ್ 128ನ್ನೂ, ಇಂದಿನ ಯಂತ್ರಗಳು 127ನ್ನೂ ಕೂಡಿಸುತ್ತವೆ. ಈಗ 'ಒಂದು' ಎಂಬ ಸಂಖ್ಯೆಯನ್ನು ಬರೆಯೋಣ. ಐಬಿಎಂ ಅದನ್ನು ಹದಿನಾರರಲ್ಲಿ ಒಂದು ಭಾಗ ಗುಣಿಸು ಹದಿನಾರು ಎಂದು ಭಾವಿಸುತ್ತದೆ. ಹದಿನಾರರ ಪದ್ಧತಿಯಲ್ಲಿ ಅದರ ರೂಪ 4110 0000. ವ್ಯಾಕ್ಸ್ ಅದನ್ನು ಅರ್ಧ ಗುಣಿಸು ಎರಡು ಎಂದು ಭಾವಿಸುತ್ತದೆ. ಸ್ಮೃತಿಯಲ್ಲಿ ಹಿಂದುಮುಂದಾಗಿರುವ ಎರಡು ಅರ್ಧಗಳನ್ನು ಸರಿಪಡಿಸಿ ಓದಿದರೆ ಅದು 4080 0000. ಇಂದಿನ ಯಂತ್ರದಲ್ಲಿ 'ಒಂದು' ಎಂದರೆ 3ಎಫ್80 0000. ಇವುಗಳಲ್ಲಿ ಮೊದಲಿನ ಎರಡನ್ನು ಪರಿವರ್ತಿಸದೆ ಇಂದಿನ ಯಂತ್ರದ ರೀತಿಯಲ್ಲಿಯೇ ಓದಿದರೆ ಏನಾಗುತ್ತದೆ? ವ್ಯಾಕ್ಸ್‌ನ ಒಂದು ನಾಲ್ಕಾಗುತ್ತದೆ. ಐಬಿಎಂನ ಒಂದು ಒಂಬತ್ತಾಗುತ್ತದೆ. ಯಂತ್ರವು ದೂರುವುದಿಲ್ಲ, ನಿಲ್ಲುವುದೂ ಇಲ್ಲ. ಒಂದು, ನಾಲ್ಕು, ಒಂಬತ್ತು, ಎಲ್ಲವೂ ಸಭ್ಯ ಸಂಖ್ಯೆಗಳೇ.

ಇಲ್ಲಿಯೇ ಡಿಬಗ್ಗರ್ ಎಂಬ ಉಪಕರಣದ ಪಾತ್ರ ಬರುತ್ತದೆ. ಓಡುತ್ತಿರುವ ಪ್ರೋಗ್ರಾಮನ್ನು ನಡುವೆಯೇ ನಿಲ್ಲಿಸಿ, ಅದರ ಸ್ಮೃತಿಯೊಳಗೆ ಇಣುಕಿ, ಅಲ್ಲಿರುವ ಬಿಟ್‌ಗಳನ್ನು ಮನುಷ್ಯರು ಓದುವ ಸಂಖ್ಯೆಯಾಗಿ ತೋರಿಸುವುದು ಇದರ ಕೆಲಸ. ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಬರೆದ ಜಿಡಿಬಿ ಇವುಗಳಲ್ಲಿ ಪ್ರಸಿದ್ಧವಾದುದು. ಎಂಜಿನಿಯರ್ ಕುಳಿತಿರುವ ಯಂತ್ರ ಒಂದು, ಪರೀಕ್ಷೆಗೆ ಒಳಗಾದ ಯಂತ್ರ ಇನ್ನೊಂದು ಜಾತಿಯದಾಗಿದ್ದರೆ ಡಿಬಗ್ಗರ್ ದುಭಾಷಿಯಾಗಬೇಕು. ಅದಕ್ಕಾಗಿ ಪ್ರತಿಯೊಂದು ಲಿಪಿಗೂ ಒಂದು ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ: ಚಿಹ್ನೆ ಎಲ್ಲಿದೆ, ಘಾತ ಎಷ್ಟು ಬಿಟ್‌ಗಳದ್ದು, ಕೂಡಿಸಿದ ಸಂಖ್ಯೆ ಯಾವುದು, ಅಂಕಿಗಳ ಮೊದಲ 1ನ್ನು ಬರೆಯಲಾಗಿದೆಯೋ ಅಥವಾ ಇದೆಯೆಂದು ಭಾವಿಸಬೇಕೋ. ಈ ಪಟ್ಟಿಯಂತೆ ಸಂಖ್ಯೆಯನ್ನು ಬಿಡಿಸಿ, ತನ್ನ ಯಂತ್ರದ ರೀತಿಯಲ್ಲಿ ಮತ್ತೆ ಜೋಡಿಸುತ್ತದೆ.

ಆದರೆ ಎಲ್ಲ ಸಂಖ್ಯೆಗಳೂ ಹೊಸ ಮನೆಯಲ್ಲಿ ಹಿಡಿಸುವುದಿಲ್ಲ. ಐಬಿಎಂನ 32 ಬಿಟ್‌ಗಳಲ್ಲಿ 10ರ 75ನೇ ಘಾತದವರೆಗೆ ಹೋಗಬಹುದು. ಇಂದಿನ 32 ಬಿಟ್‌ಗಳ ರೂಪದಲ್ಲಿ 10ರ 38ನೇ ಘಾತವೇ ಮೇರೆ. ಇಂಟೆಲ್‌ನ 80 ಬಿಟ್‌ಗಳ ಸಂಖ್ಯೆಯನ್ನು 64ಕ್ಕೆ ಇಳಿಸಿದರೆ ಕೊನೆಯ ಅಂಕಿಗಳು ಉದುರುತ್ತವೆ. ದುಭಾಷಿಯೇ ತಪ್ಪಿದರೆ ಸರಿಯಾದ ಲೆಕ್ಕವೂ ತಪ್ಪಾಗಿ ಕಾಣುತ್ತದೆ. ದೋಷ ಹುಡುಕಲು ಹೊರಟವನು ಇಲ್ಲದ ದೋಷವನ್ನು ಹುಡುಕುತ್ತ ರಾತ್ರಿಗಳನ್ನು ಕಳೆಯುತ್ತಾನೆ.

ಈ ಗೊಂದಲವನ್ನು ತಗ್ಗಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಬರ್ಕಲಿಯ ಗಣಿತಜ್ಞ ವಿಲಿಯಂ ಕಾಹನ್ ಅವರದು. 1977ರಲ್ಲಿ ಸಮಿತಿಯೊಂದು ಸೇರಿ ಎಲ್ಲ ಯಂತ್ರಗಳಿಗೂ ಒಂದೇ ಲಿಪಿಯನ್ನು ರೂಪಿಸಲು ತೊಡಗಿತು. ದೊಡ್ಡ ವಿವಾದವೆದ್ದುದು ಅತಿ ಚಿಕ್ಕ ಸಂಖ್ಯೆಗಳ ವಿಷಯದಲ್ಲಿ. ಎರಡು ಬೇರೆ ಬೇರೆ ಸಂಖ್ಯೆಗಳನ್ನು ಕಳೆದಾಗ ಉತ್ತರ ಸೊನ್ನೆಯಾಗಕೂಡದು ಎಂಬುದು ಕಾಹನ್ ಅವರ ವಾದ. ಇದನ್ನು ಒಂದನೆಯ ತರಗತಿಯ ಮಗುವೂ ಒಪ್ಪುತ್ತದೆ. ಆದರೆ ಅತಿ ಚಿಕ್ಕ ಉತ್ತರಗಳನ್ನು ಸೊನ್ನೆಯೆಂದೇ ಎಣಿಸುತ್ತಿದ್ದ ಯಂತ್ರಗಳು ಒಪ್ಪಿರಲಿಲ್ಲ. ಅದರಿಂದ ಯಂತ್ರದ ವೇಗ ಕುಗ್ಗುವುದೆಂದು ಡಿಇಸಿ ಸಂಸ್ಥೆ ವಿರೋಧಿಸಿ, ಜಿ. ಡಬ್ಲ್ಯು. ಸ್ಟುವರ್ಟ್ ಎಂಬ ತಜ್ಞರನ್ನು ಪರಿಶೀಲನೆಗೆ ನೇಮಿಸಿತು. ಅವರು 1981ರಲ್ಲಿ ಕಾಹನ್ ಅವರ ಪಕ್ಷವೇ ಸರಿಯೆಂದು ಹೇಳಿದರು. ತನ್ನನ್ನು ನೇಮಿಸಿದವರಿಗೆ ಇಷ್ಟವಾಗದ ಸತ್ಯವನ್ನು ಹೇಳಿದ ಆ ವಿದ್ವಾಂಸರನ್ನು ನಾನು ಮನಸಾರೆ ಗೌರವಿಸುತ್ತೇನೆ. 1985ರಲ್ಲಿ ಐಇಇಇ 754 ಎಂಬ ಮಾನಕ ಅಂಗೀಕಾರವಾಯಿತು. 1989ರಲ್ಲಿ ಕಾಹನ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಮಾನಕ ಬಂದ ಮಾತ್ರಕ್ಕೆ ಎಚ್ಚರ ತಪ್ಪುವಂತಿಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರೂವಿನಿಂದ ಮೊದಲ ಬಾರಿಗೆ ಏರಿದ ಏರಿಯಾನ್-5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ಸಿಡಿದುಹೋಯಿತು. ಏರಿಯಾನ್-4ರಿಂದ ಹಾಗೆಯೇ ತಂದಿದ್ದ ಪ್ರೋಗ್ರಾಮಿನಲ್ಲಿ 64 ಬಿಟ್‌ಗಳ ತೇಲುಬಿಂದು ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಪರಿವರ್ತಿಸುವ ಸಾಲಿತ್ತು. 16 ಬಿಟ್‌ಗಳಲ್ಲಿ 32,767ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚಿದ್ದುದರಿಂದ ಸಂಖ್ಯೆ ಹಿಡಿಸಲಿಲ್ಲ. ದಿಕ್ಕು ತಿಳಿಸುವ ಎರಡು ಗಣಕಗಳೂ ಒಂದೇ ಪ್ರೋಗ್ರಾಮನ್ನು ಓಡಿಸುತ್ತಿದ್ದುದರಿಂದ ಎರಡೂ ನಿಂತವು. ನಿಲ್ಲುವಾಗ ತಮ್ಮ ದೋಷವರದಿಯ ಬಿಟ್‌ಗಳನ್ನು ಕಳುಹಿಸಿದವು. ಮುಖ್ಯ ಗಣಕವು ಆ ವರದಿಯನ್ನು ಹಾರಾಟದ ಅಳತೆಯೆಂದು ಓದಿ ರಾಕೆಟ್ಟನ್ನು ಬಲವಾಗಿ ತಿರುಗಿಸಿತು. ಕ್ಲಸ್ಟರ್ ಎಂಬ ನಾಲ್ಕು ಉಪಗ್ರಹಗಳು ಅದರೊಂದಿಗೆ ನಾಶವಾದವು.

ಹಳೆಯ ಲಿಪಿಗಳೂ ಪೂರ್ತಿ ಅಳಿದಿಲ್ಲ. ಭೂಗರ್ಭದ ಕಂಪನಗಳನ್ನು ದಾಖಲಿಸಲು 1975ರಲ್ಲಿ ರೂಪಿಸಿದ ಸೆಗ್-ವೈ ಕಡತಗಳಲ್ಲಿ ಅನೇಕವು ಐಬಿಎಂ ಲಿಪಿಯಲ್ಲಿವೆ. ಅವುಗಳನ್ನು ತೆರೆಯುವವರು ಇಂದಿಗೂ ಪರಿವರ್ತನೆ ಮಾಡಿಯೇ ಓದಬೇಕು.

ನಿಮ್ಮಲ್ಲಿ ಅನೇಕರು ಈಗ ಇಂಥ ಯಂತ್ರಗಳ ಮುಂದೆಯೇ ಕುಳಿತು ದುಡಿಯುತ್ತಿದ್ದೀರಿ. ಉತ್ತರದ ಮುಂದೆ ಅಳತೆಯ ಮಾನವನ್ನು ಬರೆಯದಿದ್ದರೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ; ಅಂದು ನಿಮಗೆ ಅದು ಜಿಪುಣತನವೆನಿಸಿರಬಹುದು. ಅಂಕಿಗಳು ಕಣ್ಣಿಗೆ ಕಂಡರೆ ಸಾಲದು, ಯಾವ ಕ್ರಮದಲ್ಲಿ ಬರೆದವು ಎಂಬುದೂ ಗೊತ್ತಿರಬೇಕು. ಆ ಅರ್ಧ ಅಂಕವನ್ನು ನಾನು ಈಗಲೂ ಹಿಂದಿರುಗಿಸಲಾರೆ.