ಇನ್ನೊಂದು ಸಲ ಕೈ ಎತ್ತು ಮಗಾ...

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಜಾವಳಿ, ಹೇಮಾವತಿ ಹುಟ್ಟೋ ಊರು. ಪಕ್ಕದ ತೋಟದ ಅಕ್ಕನ ಮಗನಿಗೆ ಏಳು ವರ್ಷ, ಸೆರೆಬ್ರಲ್ ಪಾಲ್ಸಿ. ಬಲಗೈ ಸದಾ ಬಿಗಿದುಕೊಂಡಿರುತ್ತೆ. ದಿನಾ ಸಂಜೆ ಅಕ್ಕ "ಇನ್ನೊಂದು ಸಲ ಕೈ ಎತ್ತು ಮಗಾ" ಅಂತಾರೆ. ಹತ್ತನೇ ಸಲಕ್ಕೆ ಇಬ್ಬರ ಕಣ್ಣಲ್ಲೂ ನೀರು. "ನೀನು ಕಂಪ್ಯೂಟರಿನವನಲ್ವಾ, ಅದೇನೋ ಕನ್ನಡಕ ಹಾಕ್ಕೊಂಡು ಆಟ ಆಡಿದ್ರೆ ಕೈ ಸರಿಹೋಗುತ್ತಂತೆ, ಹೌದೇನೋ?" ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. ವಾಪಸ್ ಬಂದು ಓದಿದ್ದು ಇದು.

ಈ ತೊಂದರೆಯ ಬಗ್ಗೆ 1861ರಲ್ಲೇ ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ ವಿವರವಾಗಿ ಹೇಳಿದ್ದ. ಹೆರಿಗೆಯ ಹೊತ್ತಿನಲ್ಲಿ ಉಸಿರು ಕಟ್ಟೋದು ಕಾರಣ ಅಂದ. 1897ರಲ್ಲಿ ಫ್ರಾಯ್ಡ್ (ಹೌದು, ಅದೇ ಕನಸುಗಳ ಫ್ರಾಯ್ಡ್!), ತೊಂದರೆ ಗರ್ಭದಲ್ಲೇ ಶುರುವಾಗಿರಬಹುದು, ಕಷ್ಟದ ಹೆರಿಗೆ ಅದರ ಲಕ್ಷಣವಷ್ಟೇ ಇರಬಹುದು ಅಂದ. ನಮ್ಮಲ್ಲಿ ಇಂಥ ಮಕ್ಕಳಿಗಾಗಿ 1972ರಲ್ಲಿ ಮುಂಬೈಯಲ್ಲಿ ಮಿಥು ಆಲೂರ್ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದರು. ಅವರ ಮಗಳಿಗೇ ಈ ತೊಂದರೆ ಇತ್ತು. 1980ರಲ್ಲಿ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಶುರುವಾಯಿತು. ಆದರೆ ಜಾವಳಿಯಿಂದ ಬೆಂಗಳೂರಿಗೆ ದಿನಾ ಹೋಗೋಕಾಗುತ್ತಾ?

ಇನ್ನು ಅಕ್ಕ ಕೇಳಿದ ಕನ್ನಡಕ. 1968ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಮಾಡಿದ್ದನ್ನು ಚಾವಣಿಯಿಂದ ನೇತುಹಾಕಿದ್ದರು! ಈ ಮಕ್ಕಳ ವಿಷಯದಲ್ಲಿ ಎಲ್ಲರ ಗಮನ ಸೆಳೆದ ಒಂದು ಪ್ರಯೋಗ ಪ್ರಕಟವಾಗಿದ್ದು 2005ರಲ್ಲಿ. ಅದರಲ್ಲಿ ಕನ್ನಡಕವೇ ಇರಲಿಲ್ಲ. ಎಂಟು ವರ್ಷದ ಹುಡುಗನೊಬ್ಬ ಕ್ಯಾಮೆರಾ ಮುಂದೆ ನಿಂತು, ಪರದೆಯಲ್ಲಿ ತನ್ನನ್ನೇ ನೋಡಿಕೊಂಡು ಆಡಿದ. ದಿನಕ್ಕೆ ಒಂದು ಗಂಟೆ, ವಾರಕ್ಕೆ 5 ದಿನ, 4 ವಾರ. ಕೈ ಸುಧಾರಿಸಿತು. ಸ್ಕ್ಯಾನ್ ಮಾಡಿದಾಗ, ಆ ಕೈ ಆಡಿಸುವಾಗ ಮೆದುಳು ಕೆಲಸ ಮಾಡುವ ರೀತಿಯೇ ಬದಲಾಗಿತ್ತು! 2008ರಲ್ಲಿ ಅಂಗಡಿಯಲ್ಲಿ ಸಿಗುವ ನಿಂಟೆಂಡೊ ವೀ ಬಳಸಿದ ವರದಿ ಬಂತು. 11 ಸಲದ ಆಟದಲ್ಲಿ ಒಬ್ಬ ಬಾಲಕನ ಭಂಗಿ, ನಡಿಗೆ ಸ್ವಲ್ಪ ಉತ್ತಮವಾಯಿತು. ಎರಡೂ ಕಡೆ ಒಂದೊಂದೇ ಮಗು ಅನ್ನೋದನ್ನ ಮರೆಯಬಾರದು. 2010ರಲ್ಲಿ ಬಂದ ಕೈನೆಕ್ಟ್ ಕೂಡ ತುಂಬಾ ಕಡೆ ಬಳಕೆಯಾಯಿತು. 2017ರಲ್ಲಿ ಕಂಪನಿ ಅದನ್ನು ತಯಾರಿಸೋದನ್ನೇ ನಿಲ್ಲಿಸಿತು. ನಾವು ಸಾಫ್ಟ್‌ವೇರ್‌ನೋರು ಹೊಸದು ಬಂತು ಅಂತ ಹಳೇದನ್ನ ಬಿಟ್ಟುಬಿಡ್ತೀವಿ, ಆ ಮಕ್ಕಳು ಏನು ಮಾಡಬೇಕು?

ಫೋನ್ ಮಾಡಿ ಅಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೆದುಳಿಗಾದ ಪೆಟ್ಟನ್ನು ಯಾವ ಕನ್ನಡಕವೂ ವಾಸಿ ಮಾಡಲ್ಲ. ಫಿಸಿಯೋಥೆರಪಿ ಬಿಡೋ ಹಾಗಿಲ್ಲ. ಆಟದ ಗುಣ ಒಂದೇ, ನೂರು ಸಲ ಕೈ ಎತ್ತಿದರೂ ಮಗುವಿಗೆ ಅದು ವ್ಯಾಯಾಮ ಅನ್ನಿಸಲ್ಲ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಳದೆ ಎತ್ತಿದ್ರೆ ಅಷ್ಟೇ ಸಾಕು ಕಣೋ" ಅಂದರು.

ಈಗ ಲ್ಯಾಪ್‌ಟಾಪ್ ಕ್ಯಾಮೆರಾದಲ್ಲೇ ಆಡುವಂಥ ಒಂದು ಪುಟ್ಟ ಆಟ ಬರೀತಿದೀನಿ. ಕೈ ಎತ್ತಿದರೆ ಕಾಫಿ ಹಣ್ಣು ಬುಟ್ಟಿಗೆ ಬೀಳುತ್ತೆ. ಎಷ್ಟು ಎತ್ತರ, ಎಷ್ಟು ಸಲ ಅನ್ನೋದನ್ನ ಅವನ ಫಿಸಿಯೋಥೆರಪಿಸ್ಟ್ ಹೇಳಬೇಕು. ದಸರಾ ರಜಕ್ಕೆ ತಗೊಂಡು ಹೋಗ್ತೀನಿ, ಊರಲ್ಲಿ ಕರೆಂಟ್ ಇದ್ದರೆ!

ನಿಮ್ಮಲ್ಲಿ ಯಾರಾದರೂ ಇಂಥದ್ದು ಮಾಡಿದ್ದರೆ ದಯವಿಟ್ಟು ತಿಳಿಸಿ.